ಹಳೇ ಮ್ಯಾನರ್ ಮನೆಯ ಅಂಗಳದಲ್ಲಿ ಗುಲಾಬಿ ಯುದ್ಧದ ಕಾಳಗದ ಮರುಪ್ರದರ್ಶನ: ಮೊದಲ ಸಲ ಸಾಲಿಗೆ ನಿಲ್ಲುವವರಿಗೆ

ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿರುವ ಗೇನ್ಸ್‌ಬರೋ ಓಲ್ಡ್ ಹಾಲ್ ಸರ್ ಥಾಮಸ್ ಬರ್ಗ್ 1460ರ ಸುಮಾರಿಗೆ ಕಟ್ಟಿಸಿದ ಮನೆ. ನಮ್ಮ ಕಡೆಯ ದೇಸಾಯಿ ವಾಡೆಯಂತೆ ಒಡೆಯನ ವಾಸ, ಕಚೇರಿ, ಆಳುಕಾಳಿನ ಊಟದ ಹಜಾರ ಎಲ್ಲವೂ ಒಂದೇ ಕಡೆ. ಓಕ್ ಮರದ ಚೌಕಟ್ಟು, ಮರದ ಕಮಾನುಗಳ ಮೇಲೆ ನಿಂತ ಎತ್ತರದ ಮಾಡು, ಭಾರಿ ಒಲೆಗಳ ಅಡುಗೆಮನೆ, ಒಂದು ಮೂಲೆಯಲ್ಲಿ ಇಟ್ಟಿಗೆಯ ಗೋಪುರ. 1470ರಲ್ಲಿ ವೆಲ್ಸ್ ಮನೆತನದವರು ಬರ್ಗ್‌ನ ಮನೆಯ ಮೇಲೆ ಬಿದ್ದರು. ಆ ಜಗಳ ದಂಗೆಯಾಗಿ ಬೆಳೆಯಿತು. ದೊರೆ ನಾಲ್ಕನೇ ಎಡ್ವರ್ಡ್ ಖುದ್ದಾಗಿ ದಂಡು ತಂದು ಮಾರ್ಚ್ 12ರಂದು ಎಂಪಿಂಗ್‌ಹ್ಯಾಮ್ ಬಳಿ ದಂಗೆಕೋರರನ್ನು ಮುರಿದ. ಓಡುವವರು ಗುರುತಿನ ಅಂಗಿ ಕಳಚಿ ಎಸೆದರಂತೆ, ಅದಕ್ಕೇ ಆ ಕಾಳಗಕ್ಕೆ ‘ಲೂಸ್‌ಕೋಟ್ ಫೀಲ್ಡ್’ ಎಂಬ ಹೆಸರು ಎಂದು ಜನ ಹೇಳುತ್ತ ಬಂದಿದ್ದಾರೆ.

ಇಂಗ್ಲೆಂಡಿನ ಪಟ್ಟಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಕಾದಿದ ಗುಲಾಬಿ ಯುದ್ಧಗಳ ಕಾಲ 1455ರಿಂದ 1487. ಆ ಕಾಲದ ಕಾಳಗವನ್ನು ಇಂಥ ಮನೆಗಳ ಅಂಗಳದಲ್ಲಿ ಮತ್ತೆ ಆಡಿ ತೋರಿಸುವ ತಂಡಗಳು ಇಂಗ್ಲೆಂಡಿನಲ್ಲಿ ಹಲವಿವೆ. ಓದಿಗೋ ಕೆಲಸಕ್ಕೋ ಅಲ್ಲಿ ನೆಲೆಸಿದ ಕನ್ನಡಿಗರು ಹಗ್ಗದ ಆಚೆ ನಿಂತು ನೋಡಿ, ಈಚೆಗೂ ಬರಬೇಕೆನಿಸಿದರೆ ಏನೇನು ಮಾಡಬೇಕು ಎಂಬುದಷ್ಟೇ ಈ ಬರಹ. ಒಂದು ಮಾತು ಮೊದಲೇ ತಲೆಯಲ್ಲಿರಲಿ. ಐನೂರು ವರ್ಷ ಬಾಳಿದ ಮನೆಗೆ ಒಂದು ಗೀರೂ ಬೀಳಬಾರದು, ಎದುರು ಸಾಲಿನವನು ಸಂಜೆ ನಿಮ್ಮ ಜೊತೆಗೇ ಕೂತು ಉಣ್ಣಬೇಕು. ಮುಂದೆ ಬರುವ ಪ್ರತಿ ನಿಯಮವೂ ಈ ಎರಡರಿಂದಲೇ ಹುಟ್ಟಿದ್ದು.

ಚಳಿಗಾಲದಲ್ಲೇ ತಂಡ ಸೇರಿ

ಕಾಳಗದ ದಿನ ಬಂದು “ನಾನೂ ಇಳಿಯುತ್ತೇನೆ” ಎಂದರೆ ಯಾರೂ ಒಪ್ಪುವುದಿಲ್ಲ. ಮೈದಾನಕ್ಕೆ ಇಳಿಯುವವರ ವಿಮೆ ತಂಡದ ಮೂಲಕವೇ ಬರುತ್ತದೆ, ತರಬೇತಿ ಆಗಿದೆ ಎಂದು ತಂಡದ ನಾಯಕ ಹೊಣೆ ಹೊರಬೇಕು. ಪ್ರದರ್ಶನಗಳು ಬೇಸಿಗೆಯ ವಾರಾಂತ್ಯಗಳಲ್ಲಿ ನಡೆಯುತ್ತವೆ, ಅಭ್ಯಾಸ ಚಳಿಗಾಲದಲ್ಲಿ. ನವೆಂಬರ್‌ನಿಂದ ಮಾರ್ಚ್ ಒಳಗೆ ಸೇರಿಕೊಂಡರೆ ಮೇ ಹೊತ್ತಿಗೆ ನಿಲ್ಲಲು, ನಡೆಯಲು, ಏಟು ತಡೆಹಿಡಿಯಲು ಬರುತ್ತದೆ. ಕೈಕೈ ಮಿಲಾಯಿಸುವ ಸಾಲಿಗೆ ಬಹುತೇಕ ತಂಡಗಳು 16 ತುಂಬಿದವರನ್ನಷ್ಟೇ ಬಿಡುತ್ತವೆ. ಹೆಂಗಸರೂ ಗಂಡಸರ ಉಡುಪು ತೊಟ್ಟು ಕಾದುತ್ತಾರೆ.

ಮೊದಲ ವರ್ಷ ಬಿಲ್‌ಮನ್ ಆಗಿ. ಬಿಲ್ ಎಂದರೆ ಮಲೆನಾಡಿನ ಹೆಗ್ಗತ್ತಿಯನ್ನು ಆಳೆತ್ತರ ಮೀರಿದ ಕೋಲಿಗೆ ಸಿಕ್ಕಿಸಿದಂಥ ಆಯುಧ. ಅದರ ಮೂಲವೂ ಬೇಲಿಯ ಕೊಂಬೆ ಸವರುವ ಕತ್ತಿಯೇ. ಸಾಲಿನಲ್ಲಿ ಎಡಬಲದವರು ಜೊತೆಗಿರುವುದರಿಂದ ಹೊಸಬರಿಗೆ ಇದು ಹೇಳಿಮಾಡಿಸಿದ ಜಾಗ. ಖಡ್ಗ ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಕೈಮಣಿಕಟ್ಟಿನ ಹಿಡಿತ ಬೇರೆಯೇ ಬೇಕು, ಇನ್ನೊಂದು ವರ್ಷ ಕಾಯಿರಿ. ಕಾದಾಡಲು ಇಷ್ಟವಿಲ್ಲದವರು ನೀರು ಹೊರುವವರಾಗಿ ಮೈದಾನಕ್ಕೆ ಇಳಿಯಬಹುದು. ಅವರಿಲ್ಲದೆ ಕಾಳಗ ಅರ್ಧ ಗಂಟೆಯೂ ಸಾಗದು.

ಬಟ್ಟೆ: ಕೊಳ್ಳುವ ಕ್ರಮ ತಪ್ಪಬೇಡಿ

ಹೊಸಬರು ಮೊದಲು ಕತ್ತಿ ಕೊಳ್ಳುತ್ತಾರೆ, ಕೊನೆಗೆ ಶೂ. ಇದು ತಲೆಕೆಳಗು. ಆಯುಧವನ್ನು ತಂಡ ಎರವಲು ಕೊಡುತ್ತದೆ, ನಿಮ್ಮ ಕಾಲಿನ ಅಳತೆಯ ಶೂ ಯಾರ ಹತ್ತಿರವೂ ಇರುವುದಿಲ್ಲ. ಮೊದಲು ಶೂ, ಆಮೇಲೆ ಲಿನನ್ ಅಂಗಿ ಮತ್ತು ಒಳಚಡ್ಡಿ, ಹೋಸ್ ಎಂಬ ಕಾಲುಡುಗೆ, ಡಬ್ಲೆಟ್ ಎಂಬ ಮೇಲಂಗಿ, ಟೋಪಿ. ಆಮೇಲೆ ಕೈಗವಸು, ಶಿರಸ್ತ್ರಾಣ. ಆಯುಧ ಕಡೆಯದು.

ಆ ಕಾಲದ ಶೂ ಒಳಮಗ್ಗುಲು ಹೊರಗಿಟ್ಟು ಹೊಲಿದು, ಆಮೇಲೆ ತಿರುವಿ ಹಾಕಿದ್ದು. ಅಟ್ಟೆ ತೆಳು, ನುಣುಪು, ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಅಟ್ಟೆಗೆ ಮೊಳೆ ಬಡಿದ ಬೂಟು ಮನೆಯೊಳಗಿನ ನೆಲದ ಮೇಲೆ ಕಾಲಿಡಲೇಬಾರದು.

ಅಂಗಿಗೆ ಒಂದೂವರೆ ಮೀಟರ್ ಅಗಲದ ಲಿನನ್ ಎರಡೂವರೆ ಮೀಟರ್ ಸಾಕು. ಹೋಸ್ ಎಂದರೆ ಸೊಂಟದಿಂದ ಪಾದದವರೆಗೆ ಬಿಗಿಯಾಗಿ ಕೂರುವ ಉಣ್ಣೆಯ ಕಾಲುಡುಗೆ. ಇದನ್ನು ನೇಯ್ಗೆಯ ನೇರಕ್ಕೆ ಕತ್ತರಿಸಿದರೆ ಮಂಡಿ ಮಡಿಸಿದೊಡನೆ ಹಿಂಬದಿ ಹರಿಯುತ್ತದೆ. ಚೂಡಿದಾರಕ್ಕೆ ನಮ್ಮ ದರ್ಜಿಗಳು ಮಾಡುವಂತೆ ಓರೆಗೆ, ಕ್ರಾಸ್ ಕಟಿಂಗ್‌ನಲ್ಲಿ ಕತ್ತರಿಸಿದರೆ ಮಾತ್ರ ಬಟ್ಟೆ ಹಿಗ್ಗುತ್ತದೆ. ಹೋಸ್ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಸೊಂಟದ ಸುತ್ತ ಜೋಡಿ ಜೋಡಿ ತೂತುಗಳಲ್ಲಿ ಲಾಡಿ ಪೋಣಿಸಿ ಡಬ್ಲೆಟ್ ಎಂಬ ಬಿಗಿ ಮೇಲಂಗಿಗೆ ಕಟ್ಟಬೇಕು. ತೂತನ್ನು ಕತ್ತರಿಯಿಂದ ಕತ್ತರಿಸಬೇಡಿ. ದಬ್ಬಳದಂಥ ಚೂಪು ಸಲಾಕೆಯಿಂದ ಎಳೆಗಳನ್ನು ಸರಿಸಿ, ಸುತ್ತ ಒತ್ತಾಗಿ ಹೊಲಿಯಿರಿ. ಎಳೆ ತುಂಡಾಗದ ತೂತು ವರ್ಷಗಟ್ಟಲೆ ಬಾಳುತ್ತದೆ, ಕತ್ತರಿಸಿದ ತೂತು ಮೊದಲ ಕಾಳಗದಲ್ಲೇ ಕಿತ್ತು ಬರುತ್ತದೆ. ತೂತಿಗೆ ಒತ್ತಿ ಕೂರಿಸುವ ಲೋಹದ ರಿಂಗು ಆ ಕಾಲದ್ದಲ್ಲ, ತಂಡದವರು ಬಿಚ್ಚಿಸುತ್ತಾರೆ.

ಲಾಡಿ ಪದೇ ಪದೇ ಹರಿದರೆ ದೋಷ ಲಾಡಿಯದ್ದಲ್ಲ, ಡಬ್ಲೆಟ್ ಸಡಿಲವಾಗಿದೆ ಎಂದರ್ಥ. ಬಗ್ಗಿದಾಗ ಎಳೆತವೆಲ್ಲ ಹಿಂಬದಿಯ ಎರಡು ಗಂಟುಗಳ ಮೇಲೆ ಬೀಳುತ್ತದೆ. ಡೇರೆ ಕಟ್ಟುವಾಗ, ಸೌದೆ ಹೊರುವಾಗ ಹಿಂದಿನ ಜೋಡಿಯನ್ನು ಬಿಚ್ಚಿಟ್ಟುಕೊಳ್ಳಿ.

ಇದರ ಮೇಲೆ ಒಡೆಯನ ಬಣ್ಣದ ಅಂಗಿ, ಅಂದರೆ ಲಿವರಿ. ಎಡ್ವರ್ಡನ ಕಡೆಯವರಿಗೆ ಕೆಂಗಂದು ಮತ್ತು ನೀಲಿ, ಅವನಿಗೆ ತಿರುಗಿಬಿದ್ದ ಒಡೆಯ ವಾರಿಕ್‌ನವರಿಗೆ ಕೆಂಪು. 1483ರಲ್ಲಿ ಎಡ್ವರ್ಡನ ತಮ್ಮ, ದೊರೆ ಮೂರನೇ ರಿಚರ್ಡ್ ತನ್ನ ಬಿಳಿ ಹಂದಿಯ ಗುರುತನ್ನು ಬಟ್ಟೆಯಲ್ಲಿ 13,000 ಮಾಡಿಸಿದ್ದ. ಗುರುತು ಎಷ್ಟು ಮುಖ್ಯ ಎಂಬುದನ್ನು 1471ರ ಏಪ್ರಿಲ್ 14ರ ಬಾರ್ನೆಟ್ ಕಾಳಗ ತೋರಿಸಿತು. ಮಂಜಿನಲ್ಲಿ ವಾರಿಕ್‌ನ ಆಳುಗಳು ತಮ್ಮದೇ ಕಡೆಯ ಆಕ್ಸ್‌ಫರ್ಡ್ ಒಡೆಯನ ಕಿರಣದ ನಕ್ಷತ್ರವನ್ನು ಎಡ್ವರ್ಡನ ಕಿರಣದ ಸೂರ್ಯನೆಂದು ತಿಳಿದು ತಮ್ಮವರ ಮೇಲೇ ಬಾಣ ಬಿಟ್ಟರು ಎಂದು ಆ ಕಾಲದ ಬಖೈರು ಹೇಳುತ್ತದೆ. ಇವತ್ತಿನ ಮೈದಾನದಲ್ಲೂ ಶಿರಸ್ತ್ರಾಣದ ಸೀಳಿನಿಂದ ಕಾಣುವುದು ಬಣ್ಣವೊಂದೇ. ಗುರುತು ಎದೆಗೂ ಬೆನ್ನಿಗೂ ಇರಲಿ.

ಕನ್ನಡಕ ಹಾಕುವವರು ಕಾಂಟ್ಯಾಕ್ಟ್ ಲೆನ್ಸ್ ರೂಢಿ ಮಾಡಿಕೊಳ್ಳಿ. ಉಂಗುರ, ಬಳೆ, ಕಡಗ ಡೇರೆಯಲ್ಲೇ ಉಳಿಯಬೇಕು. ಕೋಲಿನ ಏಟಿಗೆ ಉಂಗುರ ಬೆರಳಿಗೆ ಅಪ್ಪಚ್ಚಿಯಾಗಿ ಕಚ್ಚಿಕೊಳ್ಳುತ್ತದೆ. ಕರಿಮಣಿ ಸರವೂ ಬೇಡ, ಒತ್ತಾಟದಲ್ಲಿ ಯಾವುದಕ್ಕಾದರೂ ಸಿಕ್ಕಿಕೊಂಡರೆ ಕುತ್ತಿಗೆ ಕೊಯ್ಯುತ್ತದೆ.

ತಲೆ, ಕೈ, ಮೈ

1461ರ ಮಾರ್ಚ್ 29ರ ಟೌಟನ್ ಕಾಳಗದಲ್ಲಿ ಸತ್ತವರ ಸಾಮೂಹಿಕ ಗುಂಡಿಯೊಂದು 1996ರಲ್ಲಿ ಟೌಟನ್ ಹಾಲ್ ಮನೆಯ ಆವರಣದಲ್ಲೇ ಸಿಕ್ಕಿತು. ಸುಮಾರು 40 ಅಸ್ಥಿಪಂಜರ, ಹೆಚ್ಚಿನ ಗಾಯಗಳು ತಲೆಯ ಮೇಲೆ. ಆದ್ದರಿಂದ ಇವತ್ತು ಎರಡು ನಿಯಮ ಜೊತೆಗೇ ಬರುತ್ತವೆ: ಯಾರೂ ತಲೆಗೆ ಹೊಡೆಯಕೂಡದು, ಎಲ್ಲರೂ ಶಿರಸ್ತ್ರಾಣ ಹಾಕಲೇಬೇಕು.

ಆ ಕಾಲದ ರೂಢಿಯ ಶಿರಸ್ತ್ರಾಣ ಸಾಲೆಟ್. ಹಿಂದಕ್ಕೆ ಬಾಲದಂತೆ ಚಾಚಿ ಕತ್ತನ್ನು ಮುಚ್ಚುತ್ತದೆ. ಉಕ್ಕಿನ ದಪ್ಪ 1.6ರಿಂದ 2 ಮಿಲಿಮೀಟರ್ ಇರಲಿ. ಇದಕ್ಕಿಂತ ತೆಳು ತಗಡು ಒಳಕ್ಕೆ ಕುಸಿಯುತ್ತದೆ. ಉಕ್ಕಿಗಿಂತ ಒಳಗಿನ ಮೆತ್ತೆ ಮುಖ್ಯ. ನೆತ್ತಿಗೂ ಲೋಹಕ್ಕೂ ನಡುವೆ ಒಂದೆರಡು ಬೆರಳಿನಷ್ಟು ಅಂತರ ಉಳಿಯಬೇಕು. ಗದ್ದದ ಪಟ್ಟಿ ಬಿಗಿದು ತಲೆ ಜೋರಾಗಿ ಅಲ್ಲಾಡಿಸಿ. ಅಂಚು ಕಣ್ಣಿನ ಮೇಲೆ ಜಾರಿದರೆ ಮೆತ್ತೆ ಹೆಚ್ಚಿಸಬೇಕು.

ಕಾಳಗದಲ್ಲಿ ಹೆಚ್ಚು ಪೆಟ್ಟಾಗುವುದು ಬೆರಳಿಗೆ. ಬಿಲ್ ಹಿಡಿದ ಮುಂಗೈ ಎರಡು ಕೋಲುಗಳ ನಡುವೆ ಸಿಕ್ಕಿಬೀಳುತ್ತದೆ. ಬರೀ ಚರ್ಮದ ಗ್ಲೌಸ್ ಸಾಲದು, ಮೆತ್ತೆ ತುಂಬಿದ ಅಥವಾ ಉಕ್ಕಿನ ಕೈಗವಸು ಬೇಕು.

ಮೈಗೆ ಜ್ಯಾಕ್. ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಟ್ಟೆಯ ಪದರದ ಮೇಲೆ ಪದರ ಇಟ್ಟು ಉದ್ದಕ್ಕೂ ಹೊಲಿದ ಅಂಗಿ. ಫ್ರಾನ್ಸಿನ ಹನ್ನೊಂದನೇ ಲೂಯಿಯ ಆಜ್ಞೆಯಲ್ಲಿ 25 ಅಥವಾ 30 ಪದರ, ಮೇಲೊಂದು ಸಾರಂಗದ ಚರ್ಮ ಎಂದಿದೆ. ಮೊಂಡು ಆಯುಧದ ಆಟಕ್ಕೆ ಅಷ್ಟು ಬೇಡ. ಆದರೆ ಸಿಂಥೆಟಿಕ್ ಹತ್ತಿ ತುಂಬಿಸಲೇಬೇಡಿ. ಬೆವರು ಹೊರಹೋಗದೆ ಒಳಗೇ ಬೇಯುತ್ತೀರಿ, ಕಿಡಿ ಬಿದ್ದರೆ ಕರಗಿ ಮೈಗಂಟುತ್ತದೆ. ಒಳಗೂ ಹೊರಗೂ ಲಿನನ್, ಉಣ್ಣೆ, ಹತ್ತಿಯೇ ಇರಲಿ.

ಆಯುಧದ ತಪಾಸಣೆ

ಶನಿವಾರ ಬೆಳಿಗ್ಗೆ ಮಾರ್ಷಲ್, ಅಂದರೆ ಮೈದಾನದ ಸುರಕ್ಷತೆ ನೋಡಿಕೊಳ್ಳುವವರು, ಪ್ರತಿಯೊಂದು ಆಯುಧವನ್ನೂ ಕೈಯಲ್ಲಿ ಹಿಡಿದು ನೋಡುತ್ತಾರೆ. ಅಲ್ಲಿ ಫೇಲಾದರೆ ಆ ದಿನ ನೀವು ಪ್ರೇಕ್ಷಕರು. ಹಿಂದಿನ ರಾತ್ರಿಯೇ ನೀವೇ ನೋಡಿಕೊಳ್ಳಿ. ಬಿಲ್‌ನ ಅಂಚು ಕನಿಷ್ಠ 2 ಮಿಲಿಮೀಟರ್ ದಪ್ಪ, ಮೂಲೆಗಳು ದುಂಡು, ತುದಿಯ ಮೊನೆ ಒಂದು ಪೆನ್ನಿ ನಾಣ್ಯದ ಬಾಗಿನಷ್ಟು ಗುಂಡಗಿರಬೇಕು. ಕಬ್ಬಿಣಕ್ಕೆ ಕಬ್ಬಿಣ ಬಡಿದಾಗ ಅಂಚಿನಲ್ಲಿ ಕಚ್ಚು ಬಿದ್ದು ಸಣ್ಣ ಮುಳ್ಳುಗಳು ಏಳುತ್ತವೆ. ಗ್ಲೌಸ್ ಹಾಕಿದ ಬೆರಳನ್ನು ಅಂಚಿನುದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕುತ್ತದೋ ಅಲ್ಲಿ ಅರದಿಂದ ಉಜ್ಜಿ. ಕೈಬಿಟ್ಟ ಒಂದು ಮುಳ್ಳು ಎದುರಿನವರ ಕೈಯನ್ನು ಕತ್ತಿಯಷ್ಟೇ ಚೆನ್ನಾಗಿ ಸೀಳುತ್ತದೆ.

ಕೋಲು ಆಶ್ ಮರದ್ದಾಗಿರಬೇಕು. ಅದು ಬಾಗುತ್ತದೆ, ತಟ್ಟನೆ ಮುರಿಯುವುದಿಲ್ಲ. ಉದ್ದ ಆರರಿಂದ ಎಂಟು ಅಡಿ. ಹಳೆ ಹತ್ತಿ ಬಟ್ಟೆಯಿಂದ ಮೇಲಿಂದ ಕೆಳಗೆ ಸವರಿ, ನೂಲು ಸಿಕ್ಕಿಕೊಂಡ ಕಡೆ ಸಿಬಿರು ಎದ್ದಿದೆ. ಮರಳುಕಾಗದದಿಂದ ತಿಕ್ಕಿ ಅಗಸೆ ಎಣ್ಣೆ ಹಚ್ಚಿ. ಎಳೆಯ ಉದ್ದಕ್ಕೆ ಬಿರುಕು ಕಂಡರೆ ತಿಕ್ಕಿ ಪ್ರಯೋಜನವಿಲ್ಲ, ಕೋಲನ್ನೇ ಬದಲಿಸಬೇಕು. ಕೊನೆಗೆ ಆಯುಧವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ತಲೆಯ ರಿವೆಟ್ ಸಡಿಲಾಗಿದೆ.

ಬ್ರಿಟನ್ನಿನ ಕಾನೂನಿನಲ್ಲಿ ಸಾರ್ವಜನಿಕ ಜಾಗದಲ್ಲಿ ಕತ್ತಿ ಹಿಡಿಯಲು ತಕ್ಕ ಕಾರಣ ಬೇಕು. ಪ್ರದರ್ಶನಕ್ಕೆ ಹೋಗುತ್ತಿದ್ದೇನೆ ಎಂಬುದು ಕಾರಣವಾಗಬೇಕಾದರೆ ನಿಜಕ್ಕೂ ಅಲ್ಲಿಗೇ ಹೋಗುತ್ತಿರಬೇಕು. ಬಟ್ಟೆ ಸುತ್ತಿ, ಚೀಲದಲ್ಲಿ ಕಟ್ಟಿ, ಕಾರಿನ ಡಿಕ್ಕಿಯಲ್ಲಿಡಿ. ತಂಡದ ಸದಸ್ಯತ್ವದ ಕಾರ್ಡ್ ಜೇಬಿನಲ್ಲಿರಲಿ. ದಾರಿಯಲ್ಲಿ ಅಂಗಡಿಗೆ ಇಳಿದಾಗ ಸೊಂಟದ ಚಾಕು ಬಿಚ್ಚಿಡುವುದನ್ನು ಮರೆಯುವವರು ಬಹಳ.

ಶುಕ್ರವಾರ ಸಂಜೆ: ಬಿಡಾರ

ಬೆಳಕಿರುವಾಗಲೇ ತಲುಪಿ. ಇಂಥ ಮನೆಗಳ ಆವರಣ ಬಹುಮಟ್ಟಿಗೆ ಸಂರಕ್ಷಿತ ಸ್ಮಾರಕ. ನೆಲದ ಕೆಳಗೆ ಹಳೆ ಗೋಡೆ, ಚರಂಡಿ, ಒಲೆಗಳ ಕುರುಹು ಇರುತ್ತವೆ. ಎಲ್ಲಿ ಗೂಟ ಹೊಡೆಯಬಹುದು ಎಂದು ಮೇಲ್ವಿಚಾರಕರು ತೋರಿಸಿದ ಕಡೆ ಮಾತ್ರ ಹೊಡೆಯಿರಿ. ಗುಂಡಿ ತೋಡಿ ಒಲೆ ಹೂಡುವಂತಿಲ್ಲ. ಕಾಲುಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಂಕಿ ಹಾಕಬೇಕು, ಹುಲ್ಲು ಕೂಡ ಸುಡಬಾರದು. ಒಲೆಯ ಪಕ್ಕ ತುಂಬಿದ ಬಕೆಟ್ ನೀರು ಸದಾ ಇರಲಿ. ಲೋಹಶೋಧಕ ಯಂತ್ರವನ್ನು ಕಾರಿನಲ್ಲೂ ತರಬೇಡಿ. ಸಂರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಬಳಸುವುದು 1979ರ ಕಾಯಿದೆಯಡಿ ಅಪರಾಧ.

ಜೀವಕ್ಕೆ ಸಂಬಂಧಿಸಿದ ಮಾತು: ರಾತ್ರಿ ಚಳಿಯೆಂದು ಕೆಂಡದ ಪೆಟ್ಟಿಗೆಯನ್ನು ಡೇರೆಯೊಳಗೆ ತರಬೇಡಿ. ಜ್ವಾಲೆ ಆರಿ ಬೂದಿ ಮುಚ್ಚಿದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ವಾಸನೆಯಿಲ್ಲ, ಎಚ್ಚರವಾಗುವುದಿಲ್ಲ. ಉಣ್ಣೆಯ ಕಂಬಳಿ ಇನ್ನೊಂದು ತನ್ನಿ. ಅರ್ಧ ಕಂಬಳಿ ಮೈಕೆಳಗೆ ಹಾಸಿ, ಚಳಿ ನೆಲದಿಂದಲೇ ಏರುತ್ತದೆ.

ಮನೆಯೊಳಗೆ ಬಿಲ್ ಅನ್ನು ಗೋಡೆಗೋ ಮರದ ಹಲಗೆಗೋ ಒರಗಿಸಬೇಡಿ. ಅದು ಜಾರಿಯೇ ಜಾರುತ್ತದೆ, ಐದು ಶತಮಾನದ ಓಕ್ ಮೇಲೆ ಬಿದ್ದ ಗೀರು ಅಳಿಯುವುದಿಲ್ಲ. ಬಾಗಿಲು ದಾಟುವಾಗ ತುದಿ ಮುಂದೆ, ಕೆಳಗೆ. ಎಲ್ಲಕ್ಕಿಂತ ಒಳ್ಳೆಯದು ಆಯುಧವನ್ನು ಹೊರಗೇ ಬಿಡುವುದು.

ಊಟ ಮತ್ತು ನೀರು

ಬಿಡಾರದ ಅಡುಗೆ ಪಾಟೇಜ್, ನಮ್ಮ ಗಂಜಿಗೂ ಸಾರಿಗೂ ನಡುವಿನದು. ಹತ್ತು ಜನಕ್ಕೆ ಒಂದು ಕಿಲೋ ಒಣ ಬಟಾಣಿ ಹಿಂದಿನ ರಾತ್ರಿ ನೆನೆಹಾಕಿ. ನಾಲ್ಕು ಈರುಳ್ಳಿ, ನಾಲ್ಕು ಲೀಕ್, ಅರ್ಧ ಎಲೆಕೋಸು, ಎರಡು ಹಿಡಿ ಓಟ್ಸ್, ಐದು ಲೀಟರ್ ನೀರು, ಮೂರುಕಾಲಿನ ಕಬ್ಬಿಣದ ಪಾತ್ರೆ, ಎರಡು ಗಂಟೆ. ಉಪ್ಪು ಕೊನೆಗೆ ಹಾಕಿ. ಓಟ್ಸ್ ಹಾಕಿದ ಮೇಲೆ ಕೈ ಬಿಡದೆ ತಿರುವಿ, ಇಲ್ಲವಾದರೆ ತಳ ಹತ್ತುತ್ತದೆ. ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಯಾವುದೂ ಇಲ್ಲ, ಅವು ಯುರೋಪಿಗೆ ಬಂದದ್ದು 1492ರ ನಂತರ ಅಮೆರಿಕದಿಂದ. ಕಾಳುಮೆಣಸು, ಶುಂಠಿ ಧಾರಾಳ ಹಾಕಬಹುದು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅಲೆಕ್ಸಾಂಡ್ರಿಯ, ವೆನಿಸ್ ದಾಟಿ ಅವರ ಅಡುಗೆಮನೆ ಸೇರುತ್ತಿತ್ತು. ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ. ಚರ್ಚಿನ ಉಪವಾಸದ ದಿನಗಳಲ್ಲಿ ಮಾಂಸ, ಹಾಲು ಬಿಟ್ಟು ಬಾದಾಮಿ ಹಾಲಿನಲ್ಲಿ ಗೋಧಿ ಬೇಯಿಸುವ ರೂಢಿ ಆ ಕಾಲದ್ದೇ.

ನೀರಿನ ವಿಷಯದಲ್ಲಿ ಬಾಯಾರಿಕೆಯನ್ನು ನಂಬಬೇಡಿ. ಜ್ಯಾಕ್ ತೊಡುವ ಮೊದಲೇ ಅರ್ಧ ಲೀಟರ್ ಕುಡಿಯಿರಿ, ಉಪ್ಪಿನ ತಿಂಡಿ ಏನಾದರೂ ತಿನ್ನಿ. ನೀರು ಹೊರುವವರು ಎದುರು ಬಂದಾಗಲೆಲ್ಲ ಎರಡು ಗುಟುಕು. ತಲೆನೋವು, ವಾಕರಿಕೆ, ಮಾತು ತಡವರಿಸುವುದು ಶುರುವಾದರೆ ಕಾಳಗ ಮುಗಿಯಲಿ ಎಂದು ಕಾಯಬೇಡಿ. ಬಿದ್ದು “ಸಾಯಿರಿ”, ಪಕ್ಕದವರಿಗೆ ಹೇಳಿ. ಮೊದಲು ಶಿರಸ್ತ್ರಾಣ ತೆಗೆಯಬೇಕು, ಆಮೇಲೆ ಜ್ಯಾಕ್ ಬಿಚ್ಚಿ ನೆರಳಿಗೆ.

ಕಾಳಗ

ತಪಾಸಣೆಯ ನಂತರ ಕವಾಯತು. ಹೆಗಲಿಗೆ ಹೆಗಲು ತಾಗುವಂತೆ ಎರಡು ಮೂರು ಸಾಲು. ಬಿಲ್ ನೆಟ್ಟಗೆ, ಎಡಗೈ ಮೇಲೆ, ಬಲಗೈ ಸೊಂಟದ ಹತ್ತಿರ. ಹೆಜ್ಜೆ ಕೂಗಿಗೆ ತಕ್ಕಂತೆ. ಉತ್ಸಾಹದಲ್ಲಿ ಒಬ್ಬ ಒಂದು ಹೆಜ್ಜೆ ಮುಂದೆ ಹೋದರೆ ಅವನ ಎರಡೂ ಮಗ್ಗುಲು ಬಯಲಾಗುತ್ತದೆ, ಹಿಂದಿನವನ ಕೋಲು ಅವನ ಕಿವಿಗೇ ಬರುತ್ತದೆ. ಪೆಟ್ಟುಗಳು ಹೆಚ್ಚಾಗಿ ಆಗುವುದು ಹೀಗೆ ಸಾಲು ಒಡೆದಾಗ. ಎದುರಾಳಿಯ ಬಲಕ್ಕೆ ಅಲ್ಲಿ ದೊಡ್ಡ ಪಾತ್ರವಿಲ್ಲ.

ಏಟಿನ ಗುರಿ ತೋಳಿನ ಮೇಲ್ಭಾಗ ಮತ್ತು ಮುಂಡ. ತಲೆ, ಮುಖ, ಕತ್ತು, ಕೀಲು, ತೊಡೆಸಂದು ನಿಷಿದ್ಧ. ಮುಖದತ್ತ ಯಾವ ತಿವಿತವೂ ಇಲ್ಲ. ಬಿಲ್‌ನ ಕೊಕ್ಕೆಯನ್ನು ಕತ್ತಿನ ಹಿಂದೆ, ಮಂಡಿಯ ಹಿಂದೆ ಹಾಕಿ ಎಳೆಯಕೂಡದು. ಏಟು ನೋಡಲು ದೊಡ್ಡದು, ತಾಗುವಾಗ ಸಣ್ಣದು: ತೋಳು ಅಗಲಕ್ಕೆ ಬೀಸಲಿ, ತಾಗುವ ಒಂದು ಗೇಣು ಮೊದಲು ಮಣಿಕಟ್ಟು ಹಿಡಿದು ನಿಲ್ಲಿಸಿ. ಎದುರಿನವರ ಕಣ್ಣು ನೋಡಿ. ಅವರು ಬೇರೆ ಕಡೆ ನೋಡುತ್ತಿದ್ದರೆ ಹೊಡೆಯಬೇಡಿ.

ಬಾಣದ ಸರದಿ ಮೊದಲು ಬರುತ್ತದೆ. ತುದಿಗೆ ಮೊಂಡು ರಬ್ಬರ್ ಹಾಕಿದ ಬಾಣ, ಬಿಲ್ಲಿನ ಎಳೆತ ಸಾಮಾನ್ಯವಾಗಿ 30ರಿಂದ 35 ಪೌಂಡ್ ಮೀರದು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳ ಎಳೆತ 100ರಿಂದ 185 ಪೌಂಡ್ ಎಂದು ಅಂದಾಜು, ಹೋಲಿಸಿ ನೋಡಿ. ಆದರೂ ಕಣ್ಣಿಗೆ ರಬ್ಬರೂ ಅಪಾಯವೇ. “ಬಾಣ” ಎಂಬ ಕೂಗು ಬಂದೊಡನೆ ಗದ್ದ ಎದೆಗೆ ತಾಗಿಸಿ ನೆಲ ನೋಡಿ, ಸಾಲೆಟ್‌ನ ಅಂಚು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬರುತ್ತಿದೆಯೇ ಎಂದು ತಲೆಯೆತ್ತಿ ನೋಡುವುದು ಹೊಸಬರ ತಪ್ಪು.

ಮದ್ದಿನ ಬಂದೂಕು, ಫಿರಂಗಿಗಳಿಗೆ ಪರವಾನಗಿ ಇರುವವರು ಮಾತ್ರ ಕೈ ಹಾಕುತ್ತಾರೆ. ನೀವು ನೆನಪಿಡಬೇಕಾದದ್ದು ಇಷ್ಟು: ನಳಿಗೆಯ ಮುಂದೆ ಹಾಯಬೇಡಿ. ಸಿಡಿಯದ ಬಂದೂಕು ಖಾಲಿ ಬಂದೂಕಲ್ಲ, ಅದರ ಹೊಣೆ ಹೊತ್ತವರು ಮೇಲೆತ್ತಿದ ಕೈ ಇಳಿಸುವವರೆಗೆ ದೂರವಿರಿ. ಶಿರಸ್ತ್ರಾಣದ ಒಳಗೆ ಕಿವಿಗೆ ಫೋಮ್ ಬಿರಡೆ ಹಾಕಿಕೊಳ್ಳಿ, ಯಾರಿಗೂ ಕಾಣುವುದಿಲ್ಲ.

ಎರಡು ಸಾಲು ಡಿಕ್ಕಿಯಾಗಿ ಒತ್ತಾಟ ಶುರುವಾದಾಗ ಬಿಲ್ ಅನ್ನು ಎದೆಗೆ ಅಡ್ಡ ಹಿಡಿದು ಎದುರಿನ ಕೋಲನ್ನು ತಳ್ಳಬೇಕು, ಮನುಷ್ಯನನ್ನಲ್ಲ. ಯಾರಾದರೂ ಕಾಲಡಿ ಬಿದ್ದರೆ ಮೇಲೆ ನಿಂತವರು ಕಾಲು ಊರಿ ನಿಂತು, ನಿಮ್ಮ ತಂಡದ ನಿಲುಗಡೆ ಕೂಗನ್ನು ಕೂಗಿ. ಈ ಕೂಗು ತಂಡದಿಂದ ತಂಡಕ್ಕೆ ಬೇರೆ. ಬೆಳಿಗ್ಗೆ ಕವಾಯತಿನಲ್ಲೇ ಕೇಳಿ ಬಾಯಿಪಾಠ ಮಾಡಿ. ಕೂಗು ಕೇಳಿದವರೆಲ್ಲ ಅದನ್ನೇ ಮತ್ತೆ ಕೂಗಿ, ಆಯುಧ ನೆಟ್ಟಗೆತ್ತಿ, ಇದ್ದಲ್ಲೇ ನಿಲ್ಲಬೇಕು. ನಿಜವಾದ ಗಾಯಕ್ಕೆ ಮಾತ್ರ ಆ ಕೂಗು. ನಾಟಕದ ನರಳಾಟಕ್ಕೆ ಬಳಸಿದರೆ ಮುಂದಿನ ಸಲ ಯಾರೂ ನಿಲ್ಲುವುದಿಲ್ಲ.

ಸಾಯುವುದಕ್ಕೂ ಕ್ರಮವಿದೆ. ಮೂರು ನಾಲ್ಕು ಏಟು ಬಿದ್ದ ಮೇಲೆ, ಸಾಲಿನ ಹಿಂದಕ್ಕೆ ಅಥವಾ ಬದಿಗೆ ಎರಡು ಹೆಜ್ಜೆ ಇಟ್ಟು, ಮೊದಲು ಆಯುಧ ನೆಲಕ್ಕಿಟ್ಟು, ಮಂಡಿಯೂರಿ, ಮಗ್ಗುಲಾಗಿ ಮಲಗಿ. ಬಿಲ್‌ನ ಮೇಲೆ ಬೀಳಬೇಡಿ. ಕೈ ಬೆರಳು ಮೈಯಡಿಗೆ ಎಳೆದುಕೊಳ್ಳಿ, ಮುಖ ಕಾದಾಟದ ಆಚೆಗೆ ತಿರುಗಿರಲಿ. ಸತ್ತವರನ್ನು ಎಬ್ಬಿಸುವ ಕೂಗು ಬರುವವರೆಗೆ ಏಳುವಂತಿಲ್ಲ. ಪ್ರೇಕ್ಷಕರ ಮಕ್ಕಳು ಆ ಕ್ಷಣಕ್ಕಾಗಿಯೇ ಕಾದಿರುತ್ತಾರೆ.

ರಾತ್ರಿ, ಮತ್ತು ಭಾನುವಾರ

ಶನಿವಾರ ರಾತ್ರಿ ಎಷ್ಟೇ ದಣಿದಿದ್ದರೂ ಉಕ್ಕನ್ನು ಒರೆಸಿ ಎಣ್ಣೆ ಸವರಿಯೇ ಮಲಗಿ. ಇಂಗ್ಲೆಂಡಿನ ಇಬ್ಬನಿಗೆ ಬೆವರಿನ ಉಪ್ಪು ಸೇರಿದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಜ್ಯಾಕನ್ನು ಒಳಮೈ ಹೊರಗೆ ಮಾಡಿ ಹಗ್ಗಕ್ಕೆ ಹಾಕಿ. ಬಿಲ್‌ನ ಅಂಚನ್ನು ಮತ್ತೆ ಬೆರಳಿಂದ ನೋಡಿ, ಮೊದಲ ದಿನದ ಮುಳ್ಳುಗಳೇ ಎರಡನೇ ದಿನ ಕೈ ಕೊಯ್ಯುವುದು. ಭಾನುವಾರ ಮೈ ನೋಯುತ್ತಿರುತ್ತದೆ, ಆದರೆ ಧೈರ್ಯ ಹೆಚ್ಚಿರುತ್ತದೆ. ಏಟು ಜೋರಾಗುವುದು ಆಗಲೇ. ಕವಾಯತನ್ನು ಯಾವ ಕಾರಣಕ್ಕೂ ಬಿಡಬೇಡಿ.

ಎಲ್ಲ ಮುಗಿದ ಮೇಲೆ ಇಡೀ ತಂಡ ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಂತು ಮೈದಾನದ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಬಾಣಗಳನ್ನು ಎಣಿಸಿ, ಬಿಟ್ಟಷ್ಟೂ ಸಿಗಬೇಕು. ಕಳಚಿದ ರಬ್ಬರ್ ತುದಿ, ಮುರಿದ ಬಾಣದ ಚೂರು, ಲಾಡಿಯ ಹಿತ್ತಾಳೆ ಮೊನೆ, ರಿವೆಟ್ ಎಲ್ಲ ಹೆಕ್ಕಿ. ನಾಳೆ ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡುತ್ತದೆ, ಬರಿಗಾಲ ಮಕ್ಕಳೂ ಓಡುತ್ತಾರೆ. ಗೂಟ ಕಿತ್ತ ತೂತುಗಳನ್ನು ಕಾಲಿನಿಂದ ತುಳಿದು ಮುಚ್ಚಿ. ಬೂದಿ ಪೂರ್ತಿ ತಣ್ಣಗಾದ ಮೇಲೆಯೇ ಲೋಹದ ಡಬ್ಬಿಗೆ ತುಂಬಿ ಹೊತ್ತೊಯ್ಯಿರಿ. ಕ್ಯಾನ್ವಾಸ್ ಡೇರೆ ಒದ್ದೆಯಿದ್ದರೆ ಮನೆ ಮುಟ್ಟಿದೊಡನೆ ಬಿಡಿಸಿ ಹರವಿ, ಮಡಿಸಿಟ್ಟು ಎರಡು ದಿನ ಬಿಟ್ಟರೂ ಕರಿ ಬೂಸ್ಟು ಹಿಡಿಯುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.